ಗುಬ್ಬಕ್ಕನ ಬೆನ್ನು

ಮೂಳೆ ವಾರ್ಡಿನ ಆಯಾಗೆ ಗುಬ್ಬಕ್ಕ ಎಂದು ಹೆಸರಿಟ್ಟವನು, ಎರಡೂ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಎರಡು ತಿಂಗಳು ಅಂಗಾತ ಮಲಗಿದ್ದ ಒಬ್ಬ ಮುದುಕ. ಮಾಡಲು ಬೇರೇನೂ ಇಲ್ಲದೆ ಅವನು ದಿನವಿಡೀ ಅವಳನ್ನೇ ನೋಡುತ್ತಿದ್ದ. ಕುಳ್ಳಗೆ, ಸಣ್ಣಗೆ, ಈ ಮಂಚದಿಂದ ಆ ಮಂಚಕ್ಕೆ ಪುಟಪುಟನೆ ಓಡಾಡುವ ಹೆಂಗಸು. ಬೆಡ್‌ಪ್ಯಾನ್ ಇಟ್ಟಳು ಅನ್ನುವಷ್ಟರಲ್ಲಿ ಕಿಟಕಿ ತೆಗೆದಾಗಿರುತ್ತಿತ್ತು, ಕಿಟಕಿ ತೆಗೆದಳು ಅನ್ನುವಷ್ಟರಲ್ಲಿ ಮೂಲೆಯವನ ದಿಂಬು ನೆಟ್ಟಗಾಗಿರುತ್ತಿತ್ತು. ಮುದುಕ ಗುಣವಾಗಿ ಮನೆಗೆ ಹೋದ, ಹೆಸರು ವಾರ್ಡಿನಲ್ಲೇ ಉಳಿಯಿತು. ಅವಳು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗುವ ಹೊತ್ತಿಗೆ ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಅವಳಿಗೆ ಆಗ ನಲವತ್ತಾರು.

ಆ ವಾರ್ಡಿನ ಕೆಲಸವೆಂದರೆ ಮುಕ್ಕಾಲು ಪಾಲು ಎತ್ತುವುದು. ಮೂಳೆ ಮುರಿದವರು ತಾವಾಗಿ ಏಳುವುದಿಲ್ಲ, ಹೊರಳುವುದಿಲ್ಲ. ಸ್ಟ್ರೆಚರಿನಿಂದ ಮಂಚಕ್ಕೆ, ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಎಕ್ಸ್‌ರೇ ಮೇಜಿಗೆ ಯಾರಾದರೂ ಸಾಗಿಸಲೇಬೇಕು. ಗುಬ್ಬಕ್ಕ ಮೈಯಲ್ಲಿ ಕಸುವಿಲ್ಲದಿದ್ದರೂ ಉಪಾಯದಿಂದ ಸಾಗಿಸುತ್ತಾಳೆಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ಒಂದು ಮಂಗಳವಾರ ಸೊಂಟದ ಮೂಳೆ ಮುರಿದ ಒಬ್ಬ ಲಾರಿ ಡ್ರೈವರನ್ನು ಎಕ್ಸ್‌ರೇ ಮುಗಿಸಿ ತಂದರು. ಆಳು ನೂರು ಕಿಲೋ ಮೇಲಿದ್ದ. ಆ ಕಡೆ ಹೆಡ್ ಸಿಸ್ಟರ್ ಮತ್ತು ಇನ್ನೊಬ್ಬ ಆಯಾ, ಈ ಕಡೆ ಗುಬ್ಬಕ್ಕ ಒಬ್ಬಳೇ. ಒಂದು, ಎರಡು, ಮೂರು ಅಂದು ಹಾಸಿದ ಬಟ್ಟೆಯ ಸಮೇತ ಎಳೆದರು. ಅವಳ ನಡುಬೆನ್ನಿನಲ್ಲಿ ಹಸಿ ಕಡ್ಡಿ ಮುರಿದಂತಾಯಿತು. ಕೈಯಲ್ಲಿದ್ದ ಬಟ್ಟೆ ಜಾರಿತು. ಡ್ರೈವರು ಸ್ಟ್ರೆಚರಿಗೂ ಮಂಚಕ್ಕೂ ನಡುವೆ ಅರ್ಧ ಇಳಿದ. ಸಿಸ್ಟರ್ ಮೊಣಕಾಲು ಕೊಟ್ಟು ತಡೆದದ್ದಕ್ಕೆ ಬಿದ್ದು ಇನ್ನೊಂದು ಮೂಳೆ ಮುರಿಯಲಿಲ್ಲ. ಅವನು ಬೈದದ್ದು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಂತಿದ್ದಳು, ಏಳಲು ಆಗುತ್ತಿರಲಿಲ್ಲ.

ಮೂರು ವಾರ ರಜೆ. ತಿರುಗಿ ಬಂದಾಗ ವಾರ್ಡಿನ ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಹೆಡ್ ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬಟ್ಟೆ ಕೋಣೆಗೆ ಹಾಕಿದೀನಿ. ಹಗುರ ಕೆಲಸ. ಮಧ್ಯಾಹ್ನ ಒಂದರಿಂದ ಎಂಟು."

"ನನ್ನಿಂದ ತಪ್ಪಾಯ್ತು ಅಂತಲೇ ಸಿಸ್ಟರ್?"

"ತಪ್ಪಲ್ಲ ಗುಬ್ಬಕ್ಕ. ಆದ್ರೆ ಇನ್ನೊಂದ್ಸಲ ಹಾಗಾದ್ರೆ ನನ್ನ ತಲೆಗೆ ಬರುತ್ತೆ. ಎತ್ತಬಹುದು ಅಂತ ಫಿಸಿಯೋ ಮೇಡಂ ಬರ್ಕೊಡ್ಲಿ, ಅವತ್ತೇ ವಾಪಸ್ ಕರ್ಕೋತೀನಿ."

ಬಟ್ಟೆ ಕೋಣೆ ನೆಲಮಹಡಿಯ ಕೊನೆಯಲ್ಲಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಹಾಸುಬಟ್ಟೆ, ದಿಂಬಿನ ಚೀಲ, ಹಸಿರು ನಿಲುವಂಗಿ. ಮಡಿಸುವುದು, ಎಣಿಸುವುದು, ಕೊಡುವುದು. ಮಾತಾಡಿಸಲು ನರಪಿಳ್ಳೆ ಇಲ್ಲ. ಇಡೀ ದಿನ ಇಪ್ಪತ್ತನಾಲ್ಕು ಮಂದಿಯ ನರಳಾಟ, ಬೈಗುಳ, ತಮಾಷೆಗಳ ನಡುವೆ ಇದ್ದವಳಿಗೆ ಆ ಕೋಣೆ ಬಾಯಿಗೆ ಬಟ್ಟೆ ತುರುಕಿದಂತೆ ಇತ್ತು. ಹದಿನೈದು ದಿನ ಸಹಿಸಿಕೊಂಡು ಫಿಸಿಯೋ ಮೇಡಂ ಹತ್ತಿರ ಹೋದಳು.

ಆಕೆ ಅವಳನ್ನು ಬಗ್ಗಿಸಿ, ತಿರುಗಿಸಿ, ಬೋರಲು ಮಲಗಿಸಿ ನೋಡಿದರು. "ನಿಮ್ಗೆ ಬೆನ್ನುನೋವು ಅಂತಾರಲ್ಲ, ನನಗೇನೋ ಬೆನ್ನೇ ಕಾಣಿಸ್ತಿಲ್ಲ," ಎಂದರು. "ಮೂಳೆ ಮೇಲೆ ಚರ್ಮ ಹೊದಿಸಿದ ಹಾಗಿದೆ. ಇಷ್ಟು ವರ್ಷ ಯಾವುದರಿಂದ ಎತ್ತುತ್ತಿದ್ರಿ?"

ಆರು ವಾರ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಮಾಡಿಸಿದರು. ನೋವು ಹೋಯಿತು. ಆದರೆ ಎತ್ತಬಹುದು ಎಂಬ ಕಾಗದ ಕೇಳಿದಾಗ ತಲೆ ಅಲ್ಲಾಡಿಸಿದರು. "ನೋವು ಹೋಗೋದು ಬೇರೆ, ಬಲ ಬರೋದು ಬೇರೆ. ಬಲ ಬೇಕು ಅಂದ್ರೆ ಭಾರ ಎತ್ತಿ ಮೈ ಬೆಳೆಸ್ಬೇಕು. ನಿಮ್ಮ ಹನ್ನೊಂದನೇ ಮಂಚದೋರು ನೆನಪಿದಾರಾ, ಮಂಡಿ ಆಪರೇಷನ್? ಅವರ ಜಿಮ್ಮಿಗೆ ಹೋಗಿ. ನಾನು ಹೇಳಿದೆ ಅನ್ನಿ."

ಹನ್ನೊಂದನೇ ಮಂಚದವರನ್ನು ಮರೆಯುವುದು ಹೇಗೆ? ಬಾಗಿಲಷ್ಟು ಅಗಲದ ಎದೆ, ತೊಡೆಯಂಥ ತೋಳು, ಬಾಡಿ ಬಿಲ್ಡಿಂಗಿನಲ್ಲಿ ಪದಕ ಗೆದ್ದವರು. ಇಂಜೆಕ್ಷನ್ ಕಂಡರೆ ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿ ಗುಬ್ಬಕ್ಕನ ಕೈ ಹಿಡಿದುಕೊಳ್ಳುತ್ತಿದ್ದರು. ಮರುದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಅವಳು ಹೋದಾಗ ಅವರು ಟಯರು ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಕಬ್ಬಿಣದ ಬಿಲ್ಲೆಗಳನ್ನು ಜೋಡಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ಟ್ರು ಅನ್ನುತ್ತಿದ್ದರು. ಒಳಗೆ ತುಕ್ಕಿನ, ಬೆವರಿನ, ಮೇಲಿನಿಂದ ಇಳಿಯುತ್ತಿದ್ದ ಹೊಸ ರಬ್ಬರಿನ ವಾಸನೆ. ಮೂರು ಗೋಡೆಗೆ ಕನ್ನಡಿ. ಗಂಡಸರು ಬೆಳಗ್ಗೆ ಬೇಗ ಬಂದು ಹೋಗುತ್ತಿದ್ದರು, ಇಲ್ಲವೇ ಸಂಜೆ ಬರುತ್ತಿದ್ದರು. ಆ ಹೊತ್ತಿಗೆ ಒಬ್ಬರೂ ಇರಲಿಲ್ಲ.

ಅವಳು ವಿಷಯ ಹೇಳಿದಳು. ಮಾಸ್ಟ್ರು ಪೂರ್ತಿ ಕೇಳಿ ಮೂಲೆಯಲ್ಲಿದ್ದ ಪೊರಕೆಯನ್ನು ತಂದು, ಅದರ ಕೋಲನ್ನು ಬಿಚ್ಚಿ, ಅವಳ ಕೈಗೆ ಕೊಟ್ಟರು.

"ಪೊರಕೆ ಹಿಡಿಯೋಕೆ ಇಷ್ಟು ದೂರ ಬರ್ಬೇಕಿತ್ತಾ ಮಾಸ್ಟ್ರೇ? ಹತ್ತೊಂಬತ್ತು ವರ್ಷದಿಂದ ಹಿಡಿದೇ ಇದೀನಿ."

"ಬೆನ್ನ ಹಿಂದೆ ಹಿಡೀರಿ. ತಲೆ, ಬೆನ್ನಿನ ಮೇಲ್ಗಡೆ, ಸೊಂಟದ ಕೆಳಗಡೆ, ಈ ಮೂರು ಜಾಗಕ್ಕೂ ಕೋಲು ತಾಕಿರ್ಬೇಕು. ಹಾಗೇ ಬಗ್ಗಿ."

ಬಗ್ಗಿದಳು. ಕೋಲು ಸೊಂಟದಿಂದ ಬಿಟ್ಟುಕೊಂಡಿತು. ಇನ್ನೊಮ್ಮೆ ಬಗ್ಗಿದಳು, ತಲೆಯಿಂದ ಬಿಟ್ಟುಕೊಂಡಿತು. ಬಗ್ಗುವುದೆಂದರೆ ಬೆನ್ನನ್ನು ಬಿಲ್ಲು ಮಾಡುವುದೆಂದೇ ಅವಳು ತಿಳಿದಿದ್ದಳು. ಬೆನ್ನು ನೆಟ್ಟಗಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳಿ, ತೊಡೆಸಂದಿನಲ್ಲಿ ಮಡಚಿಕೊಳ್ಳಬೇಕು ಎಂದು ಮಾಸ್ಟ್ರು ಹೇಳಿದರು. "ಕೈ ತುಂಬ ಸಾಮಾನು ಹಿಡ್ಕೊಂಡು ಹಿಂದಿನ ಬಾಗಿಲನ್ನ ಕುಂಡೀಲಿ ತಳ್ಳಿ ಮುಚ್ಚಲ್ವಾ, ಹಾಗೆ." ಅದು ಅವಳಿಗೆ ಥಟ್ಟನೆ ತಿಳಿಯಿತು. ಆ ದಿನ ಒಂದು ಗಂಟೆ ಆ ಕೋಲಿನ ಹೊರತು ಇನ್ನೇನನ್ನೂ ಮುಟ್ಟಿಸಲಿಲ್ಲ. ಮನೆಗೆ ಹೋಗುವಾಗ ಅವಳಿಗೆ ಕೊಂಚ ಬೇಜಾರಾಗಿತ್ತು.

ಎರಡನೇ ದಿನ ರಾಡು ಕೊಟ್ಟರು. ಗಂಡಸರು ಹಿಡಿಯುವ ಉದ್ದ ರಾಡು ಬರಿದೇ ಇಪ್ಪತ್ತು ಕಿಲೋ. ಇದು ಗಿಡ್ಡದ್ದು, ಹತ್ತು ಕಿಲೋ. ಅದನ್ನು ಹಿಡಿದು ಬಗ್ಗಿ ಏಳುವುದು ಎಂಟು ಸಲ, ಹೆಗಲ ಮೇಲಿಟ್ಟು ಬಸ್ಕಿ ಎಂಟು ಸಲ, ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು ಎಂಟು ಸಲ. ಕೂತು ಸುಧಾರಿಸಿಕೊಂಡು ಮತ್ತೆ ಅದೇ. ಹೀಗೆ ಮೂರು ಸಲ.

ಮರುದಿನ ಏನೂ ಆಗಲಿಲ್ಲ. ಇಷ್ಟೇನಾ ಅಂದುಕೊಂಡಳು. ಅದರ ಮರುದಿನ ಹಾಸಿಗೆಯಿಂದ ಏಳಲು ಹೋದರೆ ತೊಡೆಗಳು ತನ್ನವಲ್ಲವೆನಿಸಿತು. ಮೆಟ್ಟಿಲು ಹತ್ತಬಹುದಿತ್ತು, ಇಳಿಯಲು ಆಗುತ್ತಿರಲಿಲ್ಲ. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಗೋಡೆ ಹಿಡಿದು ಅಡ್ಡಡ್ಡ ಇಳಿದು ಬರುತ್ತಿದ್ದ ಸೊಸೆಯನ್ನು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಾ ನೋಡಿದರು.

"ಏಡಿ ಬಂತು ದಾರಿ ಬಿಡಿ," ಎಂದರು. "ನೆಟ್ಟಗಿದ್ದೋಳು ದುಡ್ಡು ಕೊಟ್ಟು ಕುಂಟಿಯಾಗಿ ಬರೋದು ಇದೇ ಮೊದಲು ನೋಡಿದ್ದು ನಾನು."

ಅತ್ತೆಗೆ ಎಪ್ಪತ್ತನಾಲ್ಕು, ನಾಲಿಗೆಗೆ ಇನ್ನೂ ಇಪ್ಪತ್ತು. ಮನೆಯಲ್ಲಿದ್ದದ್ದು ಮೂವರೇ. ಮಗಳು ಬೇರೆ ಊರಿನಲ್ಲಿ ಓದುತ್ತಿದ್ದಳು. ಗಂಡ ಗಡಿಯಾರ ರಿಪೇರಿಯವನು. ಅವನು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕಾದಷ್ಟು ಪುಟ್ಟ ಅಂಗಡಿ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಚಕ್ರಗಳ ಜೊತೆ ಇರುವವನಿಗೆ ಮಾತು ಕಮ್ಮಿ. "ಡಾಕ್ಟ್ರು ಹೇಳಿದ್ಮೇಲೆ ಮಾಡ್ಲೇಬೇಕಲ್ಲ," ಎಂದಷ್ಟೇ ಹೇಳಿದ.

ಎರಡನೇ ವಾರ ಮಾಸ್ಟ್ರು ಕೇಳಿದರು: "ಊಟ ಏನು ಮಾಡ್ತೀರಿ?"

"ಉಳಿದದ್ದು."

"ಏನುಳಿದದ್ದು?"

"ಅವರಿಬ್ರೂ ಉಂಡ್ಮೇಲೆ ಏನುಳಿಯುತ್ತೋ ಅದು." ಹೇಳಿದ ಮೇಲೆ ಅವಳಿಗೂ ಒಂಥರಾ ಅನ್ನಿಸಿತು. ಯಾರೂ ಹಾಗೆ ಮಾಡು ಅಂದಿರಲಿಲ್ಲ; ಬಡಿಸುವವಳು ಕೊನೆಗೆ ಕೂರುವುದು ರೂಢಿಯಾಗಿ, ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಅನ್ನ ಇದ್ದರೆ ಬೇಳೆ ಇರುತ್ತಿರಲಿಲ್ಲ.

ಮಾಸ್ಟ್ರು ಒಂದು ಡಂಬೆಲನ್ನು ಅದರ ಜಾಗದಲ್ಲಿಟ್ಟು ಬಂದು ಕೂತರು. "ನೋಡಿ ಅಕ್ಕ. ಇಲ್ಲಿ ಮೈ ಬೆಳೆಯಲ್ಲ. ಇಲ್ಲಿ ಒಡೆಯುತ್ತೆ. ಬೆಳೆಯೋದು ಮನೇಲಿ, ಉಂಡು ಮಲಗಿದಾಗ. ದಿನಕ್ಕೆ ಎರಡು ಮೊಟ್ಟೆ, ಒಂದು ದೊಡ್ಡ ಬಟ್ಟಲು ಬೇಳೆ, ರಾತ್ರಿ ಹಾಲು. ಅನ್ನ ಇರ್ಲಿ, ಬಿಡ್ಬೇಡಿ. ಎಂಟು ಗಂಟೆ ನಿದ್ದೆ. ಇದಾಗಲ್ಲ ಅಂದ್ರೆ ರಾಡು ಎತ್ತೋದು ಬರೀ ಕೂಲಿ."

ಆ ಸಂಜೆಯೇ ಅವಳು ತನ್ನ ಬಟ್ಟಲು ಬೇಳೆಯನ್ನು ಮೊದಲು ತೆಗೆದಿಟ್ಟು ಆಮೇಲೆ ಬಡಿಸಿದಳು. ಮರುದಿನ ಎರಡು ಮೊಟ್ಟೆ ಬೇಯಿಸಿ ನಿಂತೇ ತಿಂದಳು. ಮೂರನೇ ದಿನ ಅತ್ತೆ ಮೊಟ್ಟೆಯ ಸಿಪ್ಪೆ ಎಣಿಸಿದರು.

"ಸೊಸೆ ಪೈಲ್ವಾನ್ ಆದ್ರೆ ಅತ್ತೆ ಗತಿ ಏನೇ?"

"ನಿಮಗೂ ಒಂದು ಬೇಯಿಸ್ತೀನಿ ಬಿಡಿ ಅತ್ತೆ."

"ನಾನ್ಯಾರ ಜೊತೆ ಕುಸ್ತಿ ಆಡ್ಬೇಕು?" ಎಂದರು. ಬೇಯಿಸಿ ಕೊಟ್ಟಾಗ ಮಾತ್ರ ಬೇಡ ಅನ್ನಲಿಲ್ಲ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ರಾಡಿನ ಎರಡು ತುದಿಗೂ ಒಂದೊಂದು ಕಿಲೋ, ಆಮೇಲೆ ಎರಡೆರಡು. ಮಾಸ್ಟ್ರು ಹೇಳಿದಂತೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಮೊದಲ ತಿಂಗಳಲ್ಲಿ ಹತ್ತು ಇಪ್ಪತ್ತಾಯಿತು. ಇಷ್ಟು ಸಲೀಸಾಗಿ ಏರುತ್ತಿದ್ದರೆ ಕಾಯುವುದು ಯಾಕೆ ಅನ್ನಿಸಿತು. ಬಿಡುವಿನ ದಿನ ಮಾಸ್ಟ್ರು ಬ್ಯಾಂಕಿಗೆ ಹೋಗಿದ್ದಾಗ ಬಂದು, ತಾನೇ ಮೂವತ್ತೈದು ಕಿಲೋ ಹಾಕಿಕೊಂಡು ನೆಲದಿಂದ ಎತ್ತಿದಳು. ಎರಡು ಸಲ ಎದ್ದಿತು. ಮೂರನೆಯದಕ್ಕೆ ಬೆನ್ನು ಬಿಲ್ಲಾಯಿತು, ಅದೇ ಹಳೆಯ ಜಾಗ ಚುಳುಕ್ ಅಂದಿತು. ರಾಡು ಕೈಬಿಟ್ಟು ಬೆಂಚಿನ ಮೇಲೆ ಕೂತಳು. ಬೆನ್ನಿಗಿಂತ ಹೆಚ್ಚಾಗಿ ಭಯವೇ ನೋಯಿಸಿತು.

ಮಾಸ್ಟ್ರು ಬಂದವರು ನೆಲದ ಮೇಲಿದ್ದ ಬಿಲ್ಲೆಗಳನ್ನು ನೋಡಿಯೇ ತಿಳಿದುಕೊಂಡರು. ಅವರಿಗೆ ಸಿಟ್ಟು ಬಂದದ್ದನ್ನು ಅವಳು ಅವತ್ತೇ ನೋಡಿದ್ದು.

"ಆಪರೇಷನ್ ಆದ ಮೂರನೇ ದಿನ ನಾನು ಎದ್ದು ನಡೀತೀನಿ ಅಂದಾಗ ನೀವೇನಂದ್ರಿ?"

ಅವಳು ತಲೆ ತಗ್ಗಿಸಿದಳು. "ಹೊಲಿಗೆ ಬಿಚ್ಚಿದ್ರೆ ನಾನು ಹೊಲಿಯಲ್ಲ ಅಂದೆ."

"ಅದನ್ನೇ ಈಗ ನಾನು ಹೇಳ್ತಿದೀನಿ."

ಒಂದು ವಾರ ಅವಳನ್ನು ಮತ್ತೆ ಪೊರಕೆಯ ಕೋಲಿಗೆ ಇಳಿಸಿದರು. ಅವಳು ತುಟಿ ಪಿಟಕ್ಕೆನ್ನದೆ ಮಾಡಿದಳು. ಆಮೇಲೆ ಹತ್ತು ಕಿಲೋ, ಹನ್ನೆರಡು, ಹದಿನೈದು. ಅಂಥ ತಪ್ಪನ್ನು ಅವಳು ಇನ್ನೊಮ್ಮೆ ಮಾಡಲಿಲ್ಲ.

ಮೂರನೇ ತಿಂಗಳ ಒಂದು ದಿನ, ಗೋಡೆಯ ರಾಟೆಗೆ ಕಟ್ಟಿದ ಕಂಬಿಯನ್ನು ತಲೆಯ ಮೇಲಿನಿಂದ ಎದೆಗೆ ಎಳೆಯುತ್ತಿದ್ದಾಗ ಎದುರುಬದುರು ಕನ್ನಡಿಗಳಲ್ಲಿ ಅವಳಿಗೆ ಒಂದು ಬೆನ್ನು ಕಂಡಿತು. ಬೆವರಿಗೆ ಅಂಟಿಕೊಂಡ ಟೀ ಶರ್ಟಿನಡಿ ಹೆಗಲ ಕೆಳಗೆ ಒಂದು ಗೆರೆ ಇಳಿದು, ಕಂಕುಳ ಹತ್ತಿರ ಮಾಂಸ ಸಣ್ಣಗೆ ಉಬ್ಬಿ ಮತ್ತೆ ತಗ್ಗಿತು. ಯಾರದೋ ಎಂದು ನೋಡಿ, ಒಳಗೆ ತಾನಲ್ಲದೆ ಇನ್ಯಾರೂ ಇಲ್ಲ ಎಂಬುದು ಹೊಳೆದು, ಕಂಬಿಯನ್ನು ಹಾಗೇ ಹಿಡಿದುಕೊಂಡು ನಿಂತಳು. ನಲವತ್ತಾರು ವರ್ಷದಲ್ಲಿ ತನ್ನ ಬೆನ್ನನ್ನು ಅವಳು ನೋಡಿರಲೇ ಇಲ್ಲ. ಸಾವಿರ ಜನರ ಬೆನ್ನು ಒರೆಸಿದ್ದಳು. ಇನ್ನೊಮ್ಮೆ ಎಳೆದಳು. ಗೆರೆ ಮತ್ತೆ ಮೂಡಿತು. ಮಾಸ್ಟ್ರಿಗೆ ಹೇಳಲಿಲ್ಲ, ನಾಚಿಕೆಯಾಯಿತು. ಆ ವಾರದಿಂದ ಮಾತ್ರ ಭುಜಕ್ಕೆ ಯಾವುದು, ತೋಳಿಗೆ ಯಾವುದು ಎಂದು ತಾನಾಗಿ ಕೇಳತೊಡಗಿದಳು. ರೋಗಿಯನ್ನು ಎತ್ತಲು ತೋಳಿನ ಹಿಂಭಾಗದ ಮಾಂಸ ಎಷ್ಟು ಬೇಕೋ ಯಾರಿಗೆ ಗೊತ್ತು, ಅವಳಿಗಂತೂ ಅದು ಬೇಕಿತ್ತು.

ಐದು ತಿಂಗಳಿಗೆ ಫಿಸಿಯೋ ಮೇಡಂ ಅವಳ ಮುಂದೆ ಮರಳಿನ ಚೀಲ ಇಟ್ಟು ಎತ್ತಿಸಿದರು, ಇಳಿಸಿದರು, ತಿರುಗಿಸಿದರು. ಬೆನ್ನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ, "ಈಗ ಕಾಣಿಸ್ತಿದೆ," ಎಂದು ನಕ್ಕು, ಕಾಗದ ಬರೆದುಕೊಟ್ಟರು.

ವಾರ್ಡಿಗೆ ಮರಳಿದ ಮೊದಲ ದಿನವೇ ಸ್ಟ್ರೆಚರು ಬಂತು. ಹೆಡ್ ಸಿಸ್ಟರ್ ಅವಳ ಪಕ್ಕದಲ್ಲೇ ಬಂದು ನಿಂತರು, ಯಾಕೆಂದು ಅವಳಿಗೆ ಗೊತ್ತಿತ್ತು. ಅವಳು ಕಾಲು ಅಗಲಿಸಿದಳು, ಬಾಗಿಲು ತಳ್ಳುವಂತೆ ಹಿಂದಕ್ಕೆ ಕೂತಳು, ಉಸಿರು ತುಂಬಿಕೊಂಡಳು. ಒಂದು, ಎರಡು, ಮೂರು. ರೋಗಿ ಮಂಚದ ನಡುವಿಗೆ ಬಂದು ಮಲಗಿದ. "ಆಯ್ತಾ?" ಎಂದು ಅವನು ಕೇಳಿದ. "ಆಯ್ತು," ಎಂದು ಗುಬ್ಬಕ್ಕ ಹೊದಿಕೆ ಎಳೆದು, ಕಿಟಕಿ ತೆಗೆಯಲು ಹೋದಳು.

ಅಲ್ಲಿಗೆ ಮುಗಿಯಿತೆಂದು ಮನೆಯವರು ಅಂದುಕೊಂಡಿದ್ದರು. ಮಾರನೇ ದಿನ ಕೆಲಸ ಮುಗಿಸಿದವಳು ಮನೆಗೆ ಬಂದು ಸಡಿಲ ಪ್ಯಾಂಟು, ಗಂಡನ ಹಳೇ ಟೀ ಶರ್ಟು ಚೀಲಕ್ಕೆ ತುಂಬಿಕೊಂಡಾಗ ಗಂಡ ತಲೆಯೆತ್ತಿದ. ಅಂದು ಅವನ ಅಂಗಡಿಗೆ ವಾರದ ರಜೆ.

"ಮತ್ತೆಲ್ಲಿಗೆ?"

"ಜಿಮ್ಮಿಗೆ."

"ವಾರ್ಡಿಗೆ ವಾಪಸ್ ಹಾಕಿದ್ರಲ್ಲ. ಇನ್ನ್ಯಾಕೆ?"

"ಬಿಟ್ರೆ ಹೋಗ್ಬಿಡುತ್ತಂತೆ ರೀ," ಎಂದಳು. ಅದು ನಿಜ, ಆದರೆ ಅವಳ ಕಾರಣ ಅದಲ್ಲ.

"ಈಗ ಹಗಲು ಪಾಳಿ, ಸಂಜೆ ಹೋಗ್ಬೇಕಲ್ಲ ನೀನು. ಆಗೆಲ್ಲ ಗಂಡಸ್ರು ಇರ್ತಾರೆ."

"ವಾರ್ಡಲ್ಲಿ ಇರೋರೂ ಗಂಡಸ್ರೇ."

"ಅವ್ರು ಮಲಗಿರ್ತಾರೆ," ಎಂದ ಅವನು. ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವನಿಗೆ ಅದರಿಂದ ಇನ್ನೂ ಸಿಟ್ಟು ಬಂತು.

ಅವಳು ಚೀಲ ಕೆಳಗಿಟ್ಟು ಅವನ ಎದುರು ಕೂತಳು. "ನೋಡಿ. ಹಲ್ಲು ಎರಡು ಹೋಯ್ತು. ಕೂದಲು ಅರ್ಧ ಹೋಯ್ತು. ಸೂಜಿಗೆ ದಾರ ನೀವೇ ಪೋಣಿಸ್ಕೊಡ್ಬೇಕು. ಎಲ್ಲ ಕಮ್ಮಿ ಆಗೋದೇ ನೋಡ್ತಾ ಇದ್ದೆ. ಇದೊಂದು ಜಾಸ್ತಿ ಆಗ್ತಿದೆ. ನಂಗೆ ಅದು ಚೆನ್ನಾಗಿದೆ. ಅಷ್ಟೇ."

ಅವನು ನಾಲ್ಕು ದಿನ ಬೇಕಾದಷ್ಟೇ ಮಾತಾಡಿದ. ಅವಳು ಹೋಗುವುದನ್ನು ನಿಲ್ಲಿಸಲಿಲ್ಲ.

ಸಂಜೆಯ ಜಿಮ್ಮು ಬೇರೆಯದೇ ಜಾಗ. ಕಬ್ಬಿಣದ ಸದ್ದು, ಗಂಡಸರ ಹೂಂಕಾರ, ಒಂದು ರಾಡಿಗೆ ಮೂವರು. ಮೊದಲ ದಿನ ಅವಳು ಗೋಡೆಗೆ ಒರಗಿ ಇಪ್ಪತ್ತು ನಿಮಿಷ ಕಾದಳು. ಯಾರೂ ಅವಳನ್ನು ಬೈಯಲಿಲ್ಲ, ನಗಲೂ ಇಲ್ಲ; ಅವಳು ಅಲ್ಲಿದ್ದಾಳೆಂದೇ ಯಾರಿಗೂ ಅನ್ನಿಸಲಿಲ್ಲ. ಮಾಸ್ಟ್ರು ಕಂಡೂ ಕಾಣದಂತಿದ್ದರು. ಕೊನೆಗೆ ಬಸ್ಕಿಯ ಚೌಕಟ್ಟಿನೊಳಗೆ ನಿಂತು ಫೋನು ನೋಡುತ್ತಿದ್ದ ಒಬ್ಬನ ಹತ್ತಿರ ಹೋಗಿ, ರೋಗಿಗೆ ಮಾತ್ರೆ ನುಂಗಿಸುವ ದನಿಯಲ್ಲಿ, "ಇನ್ನೆಷ್ಟು ಸಲ ಇದೆಯಪ್ಪ ನಿಂದು?" ಎಂದಳು. ಅವನು ಗಲಿಬಿಲಿಯಾಗಿ, "ಮುಗೀತು ಆಂಟಿ," ಎಂದು ಪಕ್ಕಕ್ಕೆ ಸರಿದ. ಆಮೇಲೆ ಕಾಯುವ ಪ್ರಸಂಗ ಬರಲಿಲ್ಲ. ಒಂದು ತಿಂಗಳಿಗೆ ಅಲ್ಲೂ ಅವಳು ಗುಬ್ಬಕ್ಕನಾದಳು. ಆ ಹೆಸರನ್ನು ಅಲ್ಲಿಗೆ ತಂದವರು ಮಾಸ್ಟ್ರೇ ಇರಬೇಕು.

ಅದೇ ದಿನಗಳಲ್ಲಿ ಒಂದು ಸಂಜೆ ಅವಳು ಬೆಂಚಿನ ಮೇಲೆ ಮಲಗಿ ರಾಡು ತಳ್ಳುತ್ತಿದ್ದಾಗ ಮೆಟ್ಟಿಲ ಮೇಲೆ ಗಂಡ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಅಂಗಡಿ ಬೇಗ ಮುಚ್ಚಿ ಬಂದಿದ್ದ. ಒಳಗೆ ಬನ್ನಿ ಎಂದು ಮಾಸ್ಟ್ರು ಕರೆದರೂ ಬರಲಿಲ್ಲ, ಕೈ ಕಟ್ಟಿಕೊಂಡು ಕೊನೆಯ ತನಕ ಅಲ್ಲೇ ನಿಂತು ನೋಡಿದ. ಅವಳು ಬಟ್ಟೆ ಬದಲಿಸಿ ಬಂದಳು. ಇಬ್ಬರೂ ಜೊತೆಯಲ್ಲಿ ಮನೆ ಕಡೆ ಹೊರಟರು. ಔಷಧಿ ಅಂಗಡಿ ದಾಟಿದರು. ಈಗ ಬೈಯುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಳ್ಳುತ್ತಿದ್ದಳು.

"ಎಡಗೈ ತಡ ಆಗ್ತಿದೆ," ಎಂದ ಅವನು.

"ಏನು?"

"ರಾಡು ಮೇಲೆ ಹೋಗುವಾಗ. ಬಲಗಡೆ ಮೊದಲು ಹೋಗುತ್ತೆ, ಎಡಗಡೆ ಒಂಚೂರು ಹಿಂದೆ. ಎಡ ಮೊಣಕೈ ಹೊರಗೆ ಜಾರ್ತಿದೆ, ಅದಕ್ಕೆ."

ಅವಳು ನಿಂತು ಅವನನ್ನು ನೋಡಿದಳು. ಅವನು ಗಡಿಯಾರದ ಬಗ್ಗೆ ಹೇಳುವಂತೆಯೇ ಹೇಳುತ್ತಿದ್ದ, ಮುಖದಲ್ಲಿ ತಮಾಷೆ ಇರಲಿಲ್ಲ. ಮರುದಿನ ಮಾಸ್ಟ್ರಿಗೆ ಹೇಳಿದಳು. ಅವರು ಕೂತು, ಬಗ್ಗಿ, ಎರಡು ಕಡೆಯಿಂದ ನೋಡಿ, "ಹೌದಲ್ಲ, ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ," ಎಂದರು. ಎಡಗೈಗೆ ಬೇರೆಯಾಗಿ ಡಂಬೆಲ್ ಕೊಟ್ಟು ಎರಡು ತಿಂಗಳು ಮಾಡಿಸಿದರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಗಂಡ ಬಂದು ಮೆಟ್ಟಿಲ ಮೇಲೆ ನಿಲ್ಲುವುದು ರೂಢಿಯಾಯಿತು. ನೀವೂ ಶುರು ಮಾಡಿ ಅಂದರೆ, "ನಂಗೆ ಚಿಮ್ಮಟ ಸಾಕು," ಅನ್ನುತ್ತಾನೆ.

ಒಂದು ವರ್ಷ ತುಂಬಿದಾಗ ಮಾಸ್ಟ್ರು ಒಂದು ಪ್ರಸ್ತಾಪ ತಂದರು. ಬಾಡಿ ಬಿಲ್ಡಿಂಗ್ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಒಂದು ವಿಭಾಗ ಇದೆಯಂತೆ, ಇನ್ನೊಂದು ವರ್ಷ ತಯಾರಾದರೆ ನಿಲ್ಲಬಹುದು. ಅವಳು ಮನೆಯಲ್ಲಿ ಹೇಳಿದಳು. ಗಂಡನಿಗಿಂತ ಮೊದಲೇ ಅತ್ತೆ ಕೇಳಿದರು: "ಬಟ್ಟೆ ಏನು ಹಾಕ್ತಾರಂತೆ?"

ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದರು. "ಬಟ್ಟೆ ಎಲ್ಲಿದೆ ಇದರಲ್ಲಿ?" ಎಂದರು. ಆಮೇಲೆ, "ಭುಜ ಮಾತ್ರ ನಿಂದೇ ಚೆನ್ನಾಗಿದೆ," ಎಂದು ಫೋನು ವಾಪಸು ಕೊಟ್ಟರು.

ಗುಬ್ಬಕ್ಕ ಸ್ಪರ್ಧೆಗೆ ನಿಲ್ಲಲಿಲ್ಲ. ಯಾರೋ ಬೇಡ ಅಂದದ್ದಕ್ಕಲ್ಲ. ಸ್ಪರ್ಧೆಗೆ ಮೂರು ತಿಂಗಳು ಮೊದಲಿನಿಂದ ಊಟ ಕಮ್ಮಿ ಮಾಡಬೇಕು ಎಂದು ಕೇಳಿದ ಮೇಲೆ ಅವಳಿಗೆ ಅದರ ಮೇಲಿನ ಆಸೆ ಹೋಯಿತು. ಈಗ ತಾನೇ ಹೊಟ್ಟೆ ತುಂಬ ಉಣ್ಣಲು ಕಲಿತಿದ್ದಳು.

ಈಗ ಅವಳಿಗೆ ನಲವತ್ತೆಂಟು. ವಾರ್ಡಿಗೆ ಹೊಸದಾಗಿ ಬರುವ ಆಯಾಗಳಿಗೆ ಎತ್ತುವುದನ್ನು ಅವಳೇ ಕಲಿಸಬೇಕೆಂದು ಹೆಡ್ ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದಾರೆ. ಇಬ್ಬರು ಕಲಿತಿದ್ದಾರೆ, ಒಬ್ಬಳು ಎಷ್ಟು ಹೇಳಿದರೂ ಬೆನ್ನು ಬಗ್ಗಿಸಿಯೇ ಎತ್ತುತ್ತಾಳೆ. ಗುಬ್ಬಕ್ಕ ತನ್ನ ಯೂನಿಫಾರ್ಮಿನ ತೋಳಿನ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿಸಿದ್ದಾಳೆ. ನೆಲದಿಂದ ಎಪ್ಪತ್ತು ಕಿಲೋ ಎತ್ತುತ್ತಾಳೆ. ಆದರೆ ನಾಲ್ಕು ತಿಂಗಳಿಂದ ಅದೇ ಎಪ್ಪತ್ತರಲ್ಲಿ ನಿಂತಿದೆ. ಎಪ್ಪತ್ತೆರಡೂವರೆ ಹಾಕಿದರೆ ರಾಡು ಮೊಣಕಾಲ ತನಕ ಬಂದು ಅಲ್ಲೇ ನಿಲ್ಲುತ್ತದೆ. "ಬರುತ್ತೆ, ಕಾಯಿರಿ," ಅನ್ನುತ್ತಾರೆ ಮಾಸ್ಟ್ರು. ಅವಳಿಗೆ ಅದರ ಬಗ್ಗೆ ಸಿಟ್ಟಿದೆ. ಕಳೆದ ಗುರುವಾರವೂ ಎತ್ತಲು ನೋಡಿದಳು. ಬರಲಿಲ್ಲ. ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಅವುಗಳ ಜಾಗದಲ್ಲಿಟ್ಟು, ಪುಸ್ತಕದಲ್ಲಿ ಮತ್ತೆ ಎಪ್ಪತ್ತು ಎಂದು ಬರೆದು, ಮನೆಗೆ ಹೋಗಿ ಊಟ ಮಾಡಿದಳು.